ಎರಡನೇ ಕ್ಲಾಸಿಗೆ ಬಂದ್ರೂ ಇನ್ನೂ ಮಣಿ, ಬಿಲ್ಲೆ ಯಾಕೆ?

ಮಗು ಎರಡನೇ ಕ್ಲಾಸಿಗೆ ಬಂತು, ಇನ್ನೂ ಮಣಿ, ಬಿಲ್ಲೆ ಇಟ್ಕೊಂಡೇ ಲೆಕ್ಕ ಮಾಡ್ತಿದೆ, ನೋಟ್‌ಬುಕ್ಕಲ್ಲಿ ಬರೆಯೋದು ಯಾವಾಗ ಮೇಡಂ? 6ರಿಂದ 9 ವರ್ಷದ ಮಕ್ಕಳಿಗೆ ಮಾಂಟೆಸ್ಸರಿ (ಸಾಮಗ್ರಿ ಕೈಲಿ ಹಿಡಿದು ಮಗು ತಾನೇ ಕಲಿಯೋ ಪದ್ಧತಿ) ಕ್ಲಾಸ್ ತಗೊಳ್ಳೋ ನನ್ನನ್ನ ಅಪ್ಪ ಅಮ್ಮಂದಿರು ಜಾಸ್ತಿ ಕೇಳೋದು ಇದನ್ನೇ. ಪಕ್ಕದ ಮನೆ ಮಗು ಪುಟಗಟ್ಟಲೆ ಭಾಗಾಕಾರ ಬರೀತಿರೋದು ನೋಡಿದ್ರೆ ಯಾರಿಗಾದ್ರೂ ಆತಂಕ ಆಗತ್ತೆ ಬಿಡಿ.

ಆ ಬಿಲ್ಲೆಗಳಲ್ಲಿ ಏನು ನಡೀತಿದೆ ಅಂತ ಒಂದು ಲೆಕ್ಕ ಹಿಡಿದು ನೋಡೋಣ. 5236ನ್ನ 4 ಜನಕ್ಕೆ ಹಂಚಬೇಕು. ಸ್ಟ್ಯಾಂಪ್ ಗೇಮ್ ಅನ್ನೋ ಸಾಮಗ್ರೀಲಿ 1, 10, 100, 1000 ಅಂತ ಬರೆದಿರೋ ಚಿಕ್ಕ ಚಿಕ್ಕ ಬಿಲ್ಲೆಗಳಿರತ್ವೆ, ಬಿಡಿಗೆ ಹಸಿರು, ಹತ್ತಕ್ಕೆ ನೀಲಿ, ನೂರಕ್ಕೆ ಕೆಂಪು, ಸಾವಿರಕ್ಕೆ ಮತ್ತೆ ಹಸಿರು. ಮಗು ನಾಲ್ಕು ಪುಟ್ಟ ಗೊಂಬೆ ಸಾಲಾಗಿ ಇಟ್ಟು ದೊಡ್ಡದ್ರಿಂದ ಶುರು ಮಾಡತ್ತೆ. ಐದು ಸಾವಿರದಲ್ಲಿ ತಲಾ ಒಂದು ಕೊಟ್ರೆ ಒಂದು ಮಿಕ್ಕತ್ತೆ, ಅದನ್ನ ಹತ್ತು ನೂರಾಗಿ ಚಿಲ್ಲರೆ ಮಾಡಿಸ್ಕೊಂಡು ಇರೋ ಎರಡರ ಜೊತೆ ಸೇರಿಸಿದ್ರೆ ಹನ್ನೆರಡು ನೂರು, ತಲಾ ಮೂರು. ಆಮೇಲೆ ಹತ್ತರ ಬಿಲ್ಲೆ ಇರೋದು ಮೂರೇ, ಗೊಂಬೆ ನಾಲ್ಕು! ಇಲ್ಲಿ ಮಗು ನಿಲ್ಲತ್ತೆ, ನಾವು ಬಾಯಿ ಬಿಡೋ ಹಾಗಿಲ್ಲ. ಸ್ವಲ್ಪ ಹೊತ್ತು ನೋಡಿ ಮೂರನ್ನೂ ಮೂವತ್ತು ಬಿಡಿಯಾಗಿ ಬದಲಾಯಿಸ್ಕೊಳ್ಳತ್ತೆ, ಒಟ್ಟು ಮೂವತ್ತಾರು, ತಲಾ ಒಂಬತ್ತು. ಒಂದು ಗೊಂಬೆಗೆ ಬಂದಿದ್ದು 1309. ನಡುವೆ ಸೊನ್ನೆ ಯಾಕೆ ಅಂತ ಕೇಳಿ ನೋಡಿ, "ಹತ್ತು ಯಾರಿಗೂ ಸಿಗ್ಲಿಲ್ವಲ್ಲ" ಅನ್ನತ್ತೆ. ಕ್ರಮ ಮಾತ್ರ ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳು ಇದೇ ಸೊನ್ನೆ ಬಿಟ್ಟು 139 ಅಂತ ಬರೆದುಬಿಡ್ತಾರೆ.

ಇದೇ ಕೆಲ್ಸ ಮಾಡ್ತಾ ಮಾಡ್ತಾ ಒಂದು ದಿನ ಮಗೂಗೆ ಬಿಲ್ಲೆ ಜೋಡಿಸೋದೇ ಬೇಜಾರಾಗಿ, ಪೇಪರ್ ಮೇಲೇ ಬೇಗ ಆಗತ್ತೆ ಅಂತ ತಾನೇ ಹೇಳತ್ತೆ, ಸಾಮಗ್ರಿ ಬಿಡೋಕೆ ಸರಿಯಾದ ಸಮಯ ಅದು. ಅದಕ್ಕೆ ಮುಂಚೆ ಮನೇಲಿ ದಯವಿಟ್ಟು ಶಾರ್ಟ್‌ಕಟ್ ಹೇಳ್ಕೊಡಬೇಡಿ, ಉತ್ತರ ಬರತ್ತೆ ಆದ್ರೆ ಯೋಚನೆ ಅಲ್ಲಿಗೇ ನಿಂತುಹೋಗತ್ತೆ.

ಆರು ದಾಟಿದ ಮೇಲೆ ಮಗು ತುಂಬಾ ಬದಲಾಗತ್ತೆ. ಇದೇನು ಅನ್ನೋದು ಹೋಗಿ ಯಾಕೆ, ಹೇಗೆ ಅನ್ನೋದು ಶುರುವಾಗತ್ತೆ, ಕಣ್ಣಿಗೆ ಕಾಣದ್ದನ್ನೂ ಕಲ್ಪನೆ ಮಾಡ್ಕೊಳ್ಳೋ ಶಕ್ತಿ ಬಂದಿರತ್ತೆ. ಈ ಪದ್ಧತಿ ಹುಟ್ಟುಹಾಕಿದ ಮರಿಯಾ ಮಾಂಟೆಸ್ಸರಿ 1939ರಲ್ಲಿ ಭಾರತಕ್ಕೆ ಬಂದು ಎರಡನೇ ಮಹಾಯುದ್ಧದಿಂದಾಗಿ ಇಲ್ಲೇ ಉಳೀಬೇಕಾಯ್ತು, ಆಗ ಕೊಡೈಕೆನಾಲ್‌ನಲ್ಲಿ ಮಗ ಮಾರಿಯೋ ಜೊತೆ ಈ ವಯಸ್ಸಿನ ಮಕ್ಕಳಿಗೋಸ್ಕರ ಕಾಸ್ಮಿಕ್ ಎಜುಕೇಶನ್ನನ್ನ, ಅಂದ್ರೆ ಎಲ್ಲಾ ವಿಷಯಗಳನ್ನೂ ಇಡೀ ವಿಶ್ವದ ಕಥೆಗೆ ಜೋಡಿಸಿ ಕಲಿಸೋ ರೀತಿಯನ್ನ, ಬೆಳೆಸಿದ್ರು. ಅದಕ್ಕೇ ನಮ್ಮ ಕ್ಲಾಸಲ್ಲಿ ವರ್ಷ ಶುರುವಾಗೋದು ವಿಶ್ವ ಹುಟ್ಟಿದ ಕಥೆಯಿಂದ, ಆಮೇಲೆ ಜೀವಿಗಳು, ಮನುಷ್ಯ, ಬರವಣಿಗೆ, ಅಂಕಿಗಳು ಬಂದ ಕಥೆ. ಕೇಳಿದ ಮಗು ಒಂದು ಜ್ವಾಲಾಮುಖಿ ಹಿಂದೆ ಬಿತ್ತು ಅಂದ್ರೆ ಓದು, ಬರಹ, ಅಳತೆ ಎಲ್ಲಾ ಅದ್ರಲ್ಲೇ ಆಗಿಹೋಗತ್ತೆ.

ಇನ್ನೊಂದು ಮಾತು, ಈ ವಯಸ್ಸಲ್ಲಿ ಚಾಡಿ ಹೇಳೋದು ಜಾಸ್ತಿ ಆಗತ್ತೆ. "ಅವನು ಸಾಲು ಬಿಟ್ಟು ಮುಂದೆ ಹೋದ" ಅಂತ ಓಡಿ ಬರೋ ಮಗು ಶಿಕ್ಷೆ ಕೊಡ್ಸೋಕೆ ಬಂದಿರಲ್ಲ, ಸರಿ ಯಾವುದು ತಪ್ಪು ಯಾವುದು ಅಂತ ಖಚಿತ ಮಾಡ್ಕೊಳ್ಳೋಕೆ ಬಂದಿರತ್ತೆ. ಗದರಬೇಡಿ, "ನಿನಗೇನನ್ಸತ್ತೆ" ಅಂತ ಕೇಳಿ.

ಸ್ಕೂಲ್ ಹುಡುಕ್ತಿರೋರು ಬೋರ್ಡ್ ಒಂದನ್ನೇ ನಂಬಬೇಡಿ, ಮಾಂಟೆಸ್ಸರಿ ಅಂತ ಯಾರು ಬೇಕಾದ್ರೂ ಬರೆಸ್ಕೋತಾರೆ. ಮೂರು ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕ್ಲಾಸಲ್ಲಿ ಇದಾರಾ, ಬೆಳಗ್ಗೆ ಬೆಲ್ ಹೊಡೀದೆ ಸುಮಾರು ಮೂರು ಗಂಟೆ ಒಂದೇ ಸಮನೆ ಕೆಲ್ಸ ಮಾಡೋಕೆ ಬಿಡ್ತಾರಾ ನೋಡಿ. ಟೀಚರ್ ಟ್ರೈನಿಂಗ್ ಬಗ್ಗೆಯೂ ಸಂಕೋಚ ಇಲ್ದೆ ಕೇಳಿ, 3ರಿಂದ 6ರ ಡಿಪ್ಲೊಮಾ ಬೇರೆ, 6ರಿಂದ 12ರ ಎಲಿಮೆಂಟರಿ ಡಿಪ್ಲೊಮಾ ಬೇರೆ, ಚಿಕ್ಕ ಮಕ್ಕಳಿಗೆ ಚೆನ್ನಾಗಿ ಕಲಿಸೋ ಟೀಚರ್‌ಗೂ ಈ ವಯಸ್ಸಿಗೆ ಅಂತ ಪ್ರತ್ಯೇಕ ತಯಾರಿ ಬೇಕೇ ಬೇಕು.