ಹಸಿವು ತಡೆಯುವ ಆಮೆ

2004ರ ಡಿಸೆಂಬರ್‌ನಲ್ಲಿ ಟಾಂಜಾನಿಯಾದ ಕಿಂಬಿಜಿ ಎಂಬಲ್ಲಿ ಸಮುದ್ರದಿಂದ ಒಂದು ದೊಡ್ಡ ಆಮೆ ಎದ್ದು ಬಂತು. ಕಡಲಾಮೆ ಅಲ್ಲ. ಕಂಬದಂಥ ಕಾಲಿನ, ಹುಲ್ಲು ಮೇಯುವ ನೆಲದ ಆಮೆ. ಸೊರಗಿ ಹೋಗಿತ್ತು. ಹಡಗಿನ ತಳಕ್ಕೆ ಅಂಟಿಕೊಂಡು ಬೆಳೆಯುತ್ತವಲ್ಲ ಬಾರ್ನಕಲ್‌ಗಳು, ಅವು ಅದರ ಕಾಲಿಗೆ, ಚಿಪ್ಪಿನ ಕೆಳಗೆ ಮೆತ್ತಿಕೊಂಡಿದ್ದವು. ಅವುಗಳ ಗಾತ್ರ ನೋಡಿದರೆ ಆಮೆ ವಾರಗಟ್ಟಲೆ ತೇಲಿರಬೇಕು. ಬಹುಶಃ ಸುಮಾರು 740 ಕಿ.ಮೀ. ದೂರದಲ್ಲಿರುವ ಸೇಶೆಲ್ಸ್‌ನ ಅಲ್ಡಾಬ್ರಾ ಎಂಬ ಹವಳದ ದ್ವೀಪದಿಂದ.

ಇಷ್ಟು ದಿನ ಅನ್ನ ನೀರಿಲ್ಲದೆ ಬದುಕಿದ್ದು ಹೇಗೆ? ಆಮೆಗೆ ಮೈ ಬಿಸಿಯಾಗಿಡಲು ಆಹಾರ ಸುಡಬೇಕಾಗಿಲ್ಲ. ದೊಡ್ಡ ಮೈಯಲ್ಲಿ ಕೊಬ್ಬು, ನೀರು ಎರಡನ್ನೂ ಕೂಡಿಟ್ಟುಕೊಂಡು ನಿಧಾನವಾಗಿ ಖರ್ಚು ಮಾಡುತ್ತದೆ. ದ್ವೀಪಕ್ಕೆ ಬಂದ ಮೇಲೆಯೇ ಆಮೆಗಳು ದೈತ್ಯವಾದವು ಅಂತ ಸುಮ್ನೆ ಹೇಳಿಬಿಡುತ್ತಾರೆ, ಆದರೆ ಹಿಂದೆ ಖಂಡಗಳಲ್ಲೂ ದೈತ್ಯ ಆಮೆಗಳಿದ್ದವು. ಅಲ್ಲಿನವು ಅಳಿದವು, ದ್ವೀಪದವು ಉಳಿದವು.

ಅಲ್ಡಾಬ್ರಾದಲ್ಲಿ ಸಿಹಿನೀರು ತುಂಬಾ ಕಡಿಮೆ. ಮಳೆ ಬಂದಾಗ ಬಂಡೆಯ ಕುಳಿಯಲ್ಲಿ ಬೆರಳಷ್ಟು ನೀರು ನಿಲ್ಲುತ್ತದೆ. ಆಮೆ ಅದಕ್ಕೆ ಮೂತಿ ಇಟ್ಟು ಮೂಗಿನಿಂದಲೇ ಹೀರಿಕೊಳ್ಳುತ್ತದೆ!

ಪೆಸಿಫಿಕ್ ಸಾಗರದ ಗಲಾಪಗೋಸ್‌ನಲ್ಲಿ ಚಿಪ್ಪೇ ಬದಲಾಗಿದೆ. ಮಳೆ ಬೀಳುವ ಎತ್ತರದ ದ್ವೀಪಗಳಲ್ಲಿ ಮೇವು ಕಾಲ ಬುಡದಲ್ಲೇ ಸಿಗುತ್ತದೆ, ಅಲ್ಲಿಯವಕ್ಕೆ ಗುಂಡನೆಯ ಚಿಪ್ಪು. ಎಸ್ಪಾನ್ಯೋಲಾದಂಥ ಒಣ ದ್ವೀಪಗಳಲ್ಲಿ ಪಾಪಾಸುಕಳ್ಳಿಯೇ ಗತಿ. ನಮ್ಮ ಬೇಲಿಯ ಪಾಪಾಸುಕಳ್ಳಿಯ ನೆಂಟನೇ, ಆದರೆ ಕೆಲವು ಕಡೆ ಮರದಷ್ಟು ಎತ್ತರ ಬೆಳೆದಿರುತ್ತದೆ. ಅಲ್ಲಿನ ಆಮೆಗಳ ಚಿಪ್ಪು ಕತ್ತಿನ ಮೇಲೆ ಕುದುರೆಯ ಜೀನಿನ ಹಾಗೆ ಮೇಲಕ್ಕೆದ್ದಿದೆ. ಉದ್ದ ಕತ್ತನ್ನು ನೆಟ್ಟಗೆ ಎತ್ತಿ ಕಳ್ಳಿಯ ಎಲೆಯಂಥ ಕಾಂಡ ಕಚ್ಚಬಹುದು. ಜಗಳ ಬಂದಾಗ ಯಾರ ತಲೆ ಎತ್ತರವೋ ಅವನೇ ಗೆದ್ದ ಹಾಗೆ.

ಈ ಹಸಿವು ತಡೆಯುವ ಶಕ್ತಿಯೇ ಅವಕ್ಕೆ ಮುಳುವಾಯಿತು. ತಿಂಗಳುಗಟ್ಟಲೆ ಮೇವು ನೀರಿಲ್ಲದೆ ಬದುಕುತ್ತವೆ ಅಂತ ಗೊತ್ತಾದ ಮೇಲೆ, ತಿಮಿಂಗಿಲ ಬೇಟೆಯ ಹಡಗಿನವರು ಅವನ್ನು ಜೀವಂತವಾಗಿ ಹಡಗಿನ ಒಳಗೆ ಪೇರಿಸಿಕೊಂಡು, ಬೇಕಾದಾಗೆಲ್ಲ ಕೊಯ್ದು ತಿಂದರು. ಎಂಥ ಸಂಕಟ, ಅಲ್ವಾ? ಎಸ್ಪಾನ್ಯೋಲಾದಲ್ಲಿ ಕೊನೆಗೆ ಸಿಕ್ಕಿದ್ದು ಬರೀ 14. ಅಮೆರಿಕದ ಮೃಗಾಲಯದಿಂದ ಬಂದ ಡಿಯಾಗೋ ಎಂಬ ಗಂಡು ಸೇರಿ 15. ಅವನ್ನು ಬೇರೆ ದ್ವೀಪದಲ್ಲಿಟ್ಟು, ಮರಿಗಳನ್ನು ಸಾಕಿ ಸಾಕಿ ಎಸ್ಪಾನ್ಯೋಲಾಕ್ಕೆ ಬಿಟ್ಟು, 2020ರ ಹೊತ್ತಿಗೆ ಅಲ್ಲಿ ಸುಮಾರು 2 ಸಾವಿರ ಆಮೆಗಳಾಗಿದ್ದವು. ಆ ವರ್ಷದ ಜೂನ್‌ನಲ್ಲಿ ಆ 15 ಹಿರಿಯರನ್ನೂ ಅಲ್ಲಿಗೆ ದೋಣಿಯಲ್ಲಿ ತಂದು, ಸಿಬ್ಬಂದಿ ಬೆನ್ನ ಮೇಲೆ ಹೊತ್ತು, ಪಾಪಾಸುಕಳ್ಳಿ ಜಾಸ್ತಿ ಇರುವ ಕಡೆ ಇಳಿಸಿ ಬಂದರು.