ಮೊದಲು ಬಿಪಿ ನೋಡಿಸಿ, ರೂಟರ್ ಆಮೇಲೆ

“ಸರ, ಮನ್ಯಾಗ ಆ ವೈಫೈ ಡಬ್ಬಿ ಹಾಕ್ಸಿದಾಗಿಂದ ತಲಿ ಸಿಡ್ಯಾಕತ್ತೈತ್ರಿ.”

ಬಾಗಲಕೋಟೆ ನವನಗರದ ನನ್ನ ಕ್ಲಿನಿಕ್ಕಿಗೆ ಬಂದ ಆ ಅಕ್ಕಾರಿಗೆ ಐವತ್ತು ದಾಟಿದೆ. ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ಅದಕ್ಕೆ ರೂಟರ್ ಬಂದಿದೆ. ಆರು ತಿಂಗಳಿಂದ ತಲೆನೋವು. ರೂಟರನ್ನು ಮಲಗುವ ಕೋಣೆಯಿಂದ ಪಡಸಾಲೆಗೆ ಹಾಕಿಸಿದ್ದಾರೆ. ರಾತ್ರಿ ತಪ್ಪದೆ ಆಫ್ ಮಾಡುತ್ತಾರೆ. ‘ರೇಡಿಯೇಷನ್ ತಡೆಯುತ್ತೆ’ ಅಂತ ಯಾರೋ ಮಾರಿದ ಸ್ಟಿಕ್ಕರನ್ನೂ ಅಂಟಿಸಿದ್ದಾರೆ. ಬಿಪಿ ಮಾತ್ರ ನೋಡಿಸಿರಲಿಲ್ಲ. ನಾನು ಪಟ್ಟಿ ಕಟ್ಟಿ ನೋಡಿದೆ. 180/110. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದೆ. ಅಷ್ಟೇ ಇತ್ತು.

ಬಿಪಿ ಇರುವವರಿಗೆಲ್ಲ ತಲೆ ನೋಯುವುದಿಲ್ಲ. ಆದರೆ ಇಷ್ಟು ಏರಿದಾಗ ನೋಯಬಹುದು. ಆ ಆರು ತಿಂಗಳು ಸುಮ್ನೆ ಕಳೆದುಹೋಯಿತಲ್ಲ, ಅದೇ ನನ್ನ ಸಂಕಟ.

ವೈಫೈ ಅಂದರೆ ರೇಡಿಯೋ ತರಂಗ, ಆಕಾಶವಾಣಿ ಕೇಳಿಸುವ ಅದೇ ಜಾತಿಯದು. ‘ರೇಡಿಯೇಷನ್’ ಅನ್ನುವ ಒಂದೇ ಪದವನ್ನು ಎಕ್ಸ್‌ರೇಗೂ ಇದಕ್ಕೂ ಬಳಸುವುದರಿಂದ ಗೊಂದಲ ಆಗುತ್ತದೆ. ಎಕ್ಸ್‌ರೇ ಕವಣೆ ಕಲ್ಲಿದ್ದ ಹಾಗೆ. ಒಂದೊಂದು ಏಟಿಗೂ ಜೀವಕೋಶದ ಡಿಎನ್ಎಗೆ ಪೆಟ್ಟು ಕೊಡುವ ಬಲ ಅದಕ್ಕಿದೆ. ವೈಫೈ ತರಂಗದ ಒಂದೊಂದು ಕಣದ ಬಲ ಅದಕ್ಕೆ ಬೇಕಾದ್ದಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆ. ದಿನವಿಡೀ ಗೋಡೆಗೆ ಜೋಳದ ಕಾಳು ಎಸೆದರೂ ಇಟ್ಟಿಗೆ ಒಡೆಯುವುದಿಲ್ಲ, ಅಲ್ವಾ? ಹಾಗೆ.

ಜಾಸ್ತಿ ಇದ್ದರೆ ಇದು ಬಿಸಿ ಮಾಡುತ್ತದೆ, ಅದು ನಿಜ. ಮೈಕ್ರೋವೇವ್ ಓವನ್ನಿನಲ್ಲಿ ಅಡುಗೆ ಬಿಸಿಯಾಗುವುದೂ ಹೆಚ್ಚುಕಡಿಮೆ ಇದೇ ತರಂಗದಿಂದ. ಆದರೆ ಓವನ್ನು ಸುಮಾರು 800 ವ್ಯಾಟನ್ನು ಮುಚ್ಚಿದ ಡಬ್ಬಿಯೊಳಗೆ ತುಂಬುತ್ತದೆ. ಮನೆಯ ರೂಟರ್ ಹೊರಬಿಡುವುದು ಸಾಮಾನ್ಯವಾಗಿ 0.1 ವ್ಯಾಟ್ ಆಸುಪಾಸು, ಅದೂ ನಾಲ್ಕೂ ದಿಕ್ಕಿಗೆ. ಒಲೆ ಮುಂದೆ ಕೂತು ರೊಟ್ಟಿ ಸುಡುವವರಿಗೆ ಹೇಳಿಕೊಡಬೇಕಿಲ್ಲ: ಒಂದು ಮೊಳ ಹಿಂದೆ ಸರಿದರೆ ಮುಖಕ್ಕೆ ಬಡಿಯುವ ಝಳ ಎಷ್ಟೋ ಇಳಿಯುತ್ತದೆ. ಇಲ್ಲೂ ಅದೇ ಲೆಕ್ಕ. ದೂರ ಎರಡು ಪಟ್ಟಾದರೆ ಬೀಳುವ ಶಕ್ತಿ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಜನಸಾಮಾನ್ಯರಿಗೆ ಅಂತರರಾಷ್ಟ್ರೀಯ ಮಿತಿ ಒಂದು ಚದರ ಮೀಟರಿಗೆ 10 ವ್ಯಾಟ್. ಇಂಥ ರೂಟರಿನಿಂದ ಒಂದು ಮೀಟರ್ ದೂರ ಕೂತರೆ ಬೀಳುವುದು ಅದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ.

“ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳೈತಲ್ರಿ?” ಎಂದು ವಾಟ್ಸಾಪ್ ತೋರಿಸುವವರಿದ್ದಾರೆ. ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದು ಹೌದು. ‘ಇರಲೂಬಹುದು, ಪುರಾವೆ ಸಾಲದು’ ಅನ್ನುವ ಗುಂಪು ಅದು. ಲೋಳೆಸರದ ಇಡೀ ಎಲೆಯ ರಸವೂ ಅಲ್ಲೇ ಇದೆ. ಮೊಬೈಲ್ ಬಗ್ಗೆ ನಡೆದ 63 ಅಧ್ಯಯನಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಪರಿಶೀಲಿಸಲು ಹೇಳಿತ್ತು. 2024ರಲ್ಲಿ ಫಲಿತಾಂಶ ಬಂತು. ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಮೊಬೈಲನ್ನು ಕಿವಿಗೇ ಒತ್ತಿ ಹಿಡಿಯುತ್ತೇವೆ. ರೂಟರ್ ಗೋಡೆಯ ಮೇಲಿರುತ್ತದೆ.

ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಕ್ಯಾನ್ಸರ್ ತರುವುದು ಖಚಿತ’ ಎನ್ನುವ ಒಂದನೇ ಗುಂಪಿನಲ್ಲಿ ಏನಿಟ್ಟಿದೆ ಗೊತ್ತಾ? ತಂಬಾಕು. ಬೀಡಿ, ಸಿಗರೇಟು ಅಷ್ಟೇ ಅಲ್ಲ, ಜಗಿಯುವ ತಂಬಾಕೂ ಸೇರಿದೆ. ಅಡಿಕೆಯೂ ಇದೆ. ಕಟ್ಟಿಗೆ ಒಲೆಯ ಹೊಗೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ. ದವಡೆಯಲ್ಲಿ ಗುಟ್ಕಾ ಇಟ್ಟುಕೊಂಡೇ ಒಬ್ಬ ಹುಡುಗ ರೂಟರಿನಿಂದ ಕ್ಯಾನ್ಸರ್ ಬರುತ್ತಾ ಎಂದು ಕೇಳಿದ. ಇಪ್ಪತ್ತಾರು ವಯಸ್ಸು. ಬಾಯಿ ತೆರೆಸಿದೆ. ಎರಡು ಬೆರಳು ಹೋಗುವಷ್ಟೇ ತೆರೆಯಿತು. ಒಳಗೆ ಕೆನ್ನೆ ಬೆಳ್ಳಗೆ ಬಿಗಿದುಕೊಂಡಿತ್ತು. ಆ ದಿನ ಅವನ ಜೊತೆ ವೈಫೈ ಬಗ್ಗೆ ಮಾತೇ ಆಡಲಿಲ್ಲ. ಬಾಯಿ ತೋರಿಸಲು ದಂತ ವೈದ್ಯರ ಹತ್ತಿರ ಕಳಿಸಿದೆ.

ಹಾಗಾದರೆ ಕೆಲವರಿಗೆ ರೂಟರ್ ಹತ್ತಿರ ನಿಜಕ್ಕೂ ತಲೆ ನೋಯುವುದು ಸುಳ್ಳಾ? ನೋವು ಸುಳ್ಳಲ್ಲ. ನಾನು ಯಾರಿಗೂ ಹಾಗೆ ಹೇಳುವುದಿಲ್ಲ. ಇಂಥವರನ್ನೇ ಕೂರಿಸಿ, ಸಿಗ್ನಲ್ ಆನ್ ಇದೆಯೋ ಆಫ್ ಇದೆಯೋ ಹೇಳದೆ ಪರೀಕ್ಷೆ ಮಾಡಿದ್ದಾರೆ. ಆಫ್ ಇದ್ದಾಗಲೂ ತಲೆ ನೋಯಿತು. ಆನ್ ಇದೆ ಎಂದು ಅವರು ನಂಬಿದ್ದರೆ ಸಾಕಿತ್ತು. ಹೆದರಿಕೆಗೆ ಅಷ್ಟು ಬಲವಿದೆ. ಅದಕ್ಕೇ ವಾಟ್ಸಾಪಿನಲ್ಲಿ ಹೆದರಿಸುವ ಮೆಸೇಜು ನೋಡಿದರೆ ನನಗೆ ಕೋಪ ಬರುತ್ತದೆ.

ಬಸುರಿಯರು, ಬಾಣಂತಿಯರು ವೈಫೈ ಇರುವ ಕೋಣೆಯಲ್ಲಿ ಆರಾಮಾಗಿ ಮಲಗಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮೊಬೈಲನ್ನು ಅಂಗಿಯ ಮೇಲಿನ ಜೇಬಿನಲ್ಲಿ ಇಡಬೇಡಿ, ಒಂದು ಗೇಣಾದರೂ ದೂರವಿರಲಿ. ಮಕ್ಕಳ ವಿಷಯದಲ್ಲಿ ಮಾತ್ರ ರಾತ್ರಿ ರೂಟರ್ ಆಫ್ ಮಾಡಿ ಎಂದು ನಾನೇ ಹೇಳುತ್ತೇನೆ. ಕಾರಣ ತರಂಗವಲ್ಲ. ಹೊದಿಕೆಯೊಳಗೆ ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್ ನೋಡಿದ ಹುಡುಗಿಗೆ ಬೆಳಿಗ್ಗೆ ತಲೆನೋವು ಬಂದೇ ಬರುತ್ತದೆ. ಕಣ್ಣು ತಪಾಸಣೆ ಮಾಡಿಸಿ, ಹಿಮೋಗ್ಲೋಬಿನ್ನೂ ನೋಡಿಸಿ.

ಅಕ್ಕಾರಿಗೆ ಮಾತ್ರೆ ಶುರುಮಾಡಿ ಒಂದು ತಿಂಗಳಾಯಿತು. ಮೊನ್ನೆ ಮಗನ ಬೈಕಿನಲ್ಲಿ ಬಂದಿದ್ದರು. 142/88. ತಲೆ ಹಗುರಾಗೈತ್ರಿ ಅಂದರು. ಬಾಗಿಲಲ್ಲಿ ನಿಂತಿದ್ದ ಮಗನನ್ನೂ ಕರೆದು ಕೂರಿಸಿ ಪಟ್ಟಿ ಕಟ್ಟಿದೆ. ಮೂವತ್ತೆರಡು ವಯಸ್ಸು. 150/96.