82 ಡಿಗ್ರಿ ಅಂದರೆ ಜಾಸ್ತಿಯಾ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ರಾಯಚೂರಿನಿಂದ ಚಿಕ್ಕಪ್ಪನ ಮಗನ ಫೋನು. "ಅಣ್ಣಾ, ನಂದು 82 ತೋರಸಾಕತ್ತದ. ನಿಂದೆಷ್ಟದ?" ಮನೆಯಲ್ಲಿ ಮಗುವಿಗೆ ಜ್ವರ ಬಂದವರ ಹಾಗಿತ್ತು ದನಿ. ಅವನು ಹೇಳುತ್ತಿದ್ದದ್ದು ಕಂಪ್ಯೂಟರಿನ ಪ್ರೊಸೆಸರ್ ಬಿಸಿಯ ಲೆಕ್ಕ. ಹಿಂದಿನ ವರ್ಷ ನಾವಿಬ್ಬರೂ ಮಾತಾಡಿಕೊಂಡು ಒಂದೇ ಥರದ ಪಿಸಿ ಜೋಡಿಸಿದ್ದೆವು. ಇಂಟೆಲ್ ಕೋರ್ ಐ5-12400 ಎಂಬ ಪ್ರೊಸೆಸರ್, ಅದನ್ನು ತಣ್ಣಗಿಡಲು ಅದರ ಡಬ್ಬಿಯಲ್ಲೇ ಬರುವ ಫ್ಯಾನಿನ ಕೂಲರ್, ಒಂದೇ ಮಾದರಿಯ ಕ್ಯಾಬಿನೆಟ್. ಬೆಂಗಳೂರಿನಲ್ಲಿ ನನ್ನದು 71 ತೋರಿಸುತ್ತಿತ್ತು. "ಹಂಗಾದ್ರ ನನ್ನ ಕೂಲರ್ ಕೆಟ್ಟದ," ಅಂತ ಅವನೇ ತೀರ್ಪು ಕೊಟ್ಟುಬಿಟ್ಟ.

"ರೂಮಲ್ಲಿ ಎಷ್ಟಿದೆ ನೋಡು," ಅಂದೆ. ಅವನಲ್ಲಿ 38. ನನ್ನಲ್ಲಿ 28.

ಕಳೆದು ನೋಡಿ. ಅವನದು 82ರಲ್ಲಿ 38 ಹೋದರೆ 44. ನನ್ನದು 71ರಲ್ಲಿ 28 ಹೋದರೆ 43. ಇಬ್ಬರ ಕೂಲರ್ ಕೂಡ ಹೆಚ್ಚುಕಮ್ಮಿ ಒಂದೇ ಕೆಲಸ ಮಾಡುತ್ತಿತ್ತು. ಕೆಟ್ಟಿದ್ದು ರಾಯಚೂರಿನ ಬಿಸಿಲು ಅಷ್ಟೆ, ಅದಕ್ಕೆ ವಾರಂಟಿ ಇಲ್ಲ.

ನೀರು ಹರಿಯಲು ಇಳಿಜಾರು ಬೇಕು, ಅಲ್ವಾ? ಶಾಖವೂ ಹಾಗೆಯೇ. ಬಿಸಿ ಜಾಗದಿಂದ ತಣ್ಣನೆ ಜಾಗಕ್ಕೆ ಮಾತ್ರ ಹರಿಯುತ್ತದೆ, ಇಳಿಜಾರು ಎಷ್ಟು ಕಡಿದೋ ಅಷ್ಟು ರಭಸ. ನಮ್ಮ ಪ್ರೊಸೆಸರಿನಿಂದ 65 ವ್ಯಾಟ್ ಶಾಖ ಹೊರಹೋಗಬೇಕಾದರೆ ಆ ಕೂಲರ್‌ಗೆ ಸುಮಾರು 43 ಡಿಗ್ರಿಯ ಇಳಿಜಾರು ಬೇಕು. ಭಾಗಿಸಿದರೆ ಒಂದು ವ್ಯಾಟ್‌ಗೆ 0.66 ಡಿಗ್ರಿ. ಇದನ್ನು ಕೂಲರಿನ ಉಷ್ಣ ಪ್ರತಿರೋಧ ಅನ್ನುತ್ತಾರೆ. ಕೂಲರ್‌ಗಳನ್ನು ಹೋಲಿಸುವುದಾದರೆ ಹೋಲಿಸಬೇಕಾದ್ದು ಇದನ್ನು. ರೂಮಿನ ಬಿಸಿ ಹತ್ತು ಡಿಗ್ರಿ ಏರಿದರೆ ಇಳಿಜಾರಿನ ಬುಡವೇ ಮೇಲೆ ಬಂದ ಹಾಗೆ, ತುದಿಯೂ ಹತ್ತು ಡಿಗ್ರಿ ಮೇಲೆ ಹೋಗುತ್ತದೆ.

ಇಲ್ಲಿ ಒಂದು ಕಿತಾಪತಿ ಇದೆ. ಐ5-12400ರ ವಿವರದಲ್ಲಿ 65 ವ್ಯಾಟ್ ಅಂತ ಇರುತ್ತದೆ. ಅದೇ ಚಿಪ್ಪು ಜೋರಾಗಿ ಓಡುವಾಗ 117 ವ್ಯಾಟ್ ತನಕ ಎಳೆಯಬಹುದು ಅಂತಲೂ ಇಂಟೆಲ್ಲೇ ಹೇಳುತ್ತದೆ. ಎಷ್ಟು ಹೊತ್ತು ಎಳೆಯಲಿ ಅನ್ನುವುದನ್ನು ಪ್ರೊಸೆಸರ್ ಕೂರುವ ಮದರ್‌ಬೋರ್ಡ್ ನಿರ್ಧರಿಸುತ್ತದೆ. ಕೆಲವು ಬೋರ್ಡುಗಳು ಮಿತಿಯನ್ನೇ ಬಿಟ್ಟುಕೊಡುತ್ತವೆ. ನಾವಿಬ್ಬರೂ ಬೋರ್ಡಿನ ಸೆಟ್ಟಿಂಗ್ ಬದಲಿಸುವ ಬಯಾಸ್‌ನಲ್ಲಿ 65ಕ್ಕೆ ಕಟ್ಟಿಹಾಕಿದ್ದೆವು, ಅದಕ್ಕೇ ಲೆಕ್ಕ ಹೊಂದಿತು. ಇಲ್ಲದಿದ್ದರೆ ಒಬ್ಬ ಖಾಲಿ ಕೈಯಲ್ಲಿ, ಇನ್ನೊಬ್ಬ ಅಕ್ಕಿ ಮೂಟೆ ಹೊತ್ತು ಬೆಟ್ಟ ಹತ್ತಿದ ಮೇಲೆ ಯಾರಿಗೆ ಬೆವರು ಜಾಸ್ತಿ ಅಂತ ಕೇಳಿದ ಹಾಗಾಗುತ್ತಿತ್ತು.

ಅಷ್ಟಕ್ಕೂ ಈ ಪಾಟಿ ಶಾಖ ಎಲ್ಲಿಂದ? 65 ವ್ಯಾಟ್ ಅಂದರೆ ಹಳೇ ಕಾಲದ ಒಂದು ಬಲ್ಬು. ದೊಡ್ಡದೇನಲ್ಲ. ತೊಂದರೆ ಇರುವುದು ಜಾಗದ್ದು. ಇಂಟೆಲ್‌ನ ಐ9-13900ಕೆ ಎಂಬ ದೊಡ್ಡ ಚಿಪ್ಪು ತನ್ನ ಗರಿಷ್ಠ ಮಿತಿಯಲ್ಲಿ 253 ವ್ಯಾಟ್ ಎಳೆಯುತ್ತದೆ. ಅದರ ಸಿಲಿಕಾನ್ ತುಂಡು ಸುಮಾರು 257 ಚದರ ಮಿಲಿಮೀಟರ್, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅಂದರೆ ಒಂದು ಚದರ ಸೆಂಟಿಮೀಟರ್‌ಗೆ ನೂರು ವ್ಯಾಟ್ ಹತ್ತಿರ. ಮನೆಯ ಸಾವಿರ ವ್ಯಾಟ್ ಇಸ್ತ್ರಿ ಪೆಟ್ಟಿಗೆಯ ತಳ ಇನ್ನೂರು ಚದರ ಸೆಂಟಿಮೀಟರ್ ಅಂದುಕೊಂಡರೆ, ಅಲ್ಲಿ ಬರುವುದು ಐದೇ ವ್ಯಾಟ್. ಇಸ್ತ್ರಿ ಪೆಟ್ಟಿಗೆಯ ಇಪ್ಪತ್ತು ಪಟ್ಟು ದಟ್ಟ ಶಾಖದ ಮೇಲೆ ಕೂತು ನಮ್ಮ ಲೆಕ್ಕಾಚಾರ ನಡೆಯುತ್ತದೆ.

ಮೊದಲು ಹೀಗಿರಲಿಲ್ಲ. ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚು, ಅಂದರೆ ಟ್ರಾನ್ಸಿಸ್ಟರ್, ಚಿಕ್ಕದಾದಂತೆ ಅದಕ್ಕೆ ಬೇಕಾದ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುರುಕಿದರೂ ಶಾಖ ಹೆಚ್ಚುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂವತ್ತು ವರ್ಷ ಉದ್ಯಮ ಆ ದಾರಿಯಲ್ಲೇ ನಡೆಯಿತು. ಆಮೇಲೆ ವೋಲ್ಟೇಜ್ ಇಳಿಸಲು ಜಾಗ ಉಳಿಯಲಿಲ್ಲ. ಟ್ರಾನ್ಸಿಸ್ಟರ್ ಮುಚ್ಚಿದಾಗಲೂ ಸರಿಯಾಗಿ ತಿರುಗಿಸದ ನಲ್ಲಿಯ ಹಾಗೆ ಕರೆಂಟು ಸೋರತೊಡಗಿತು. 2004ರ ಪೆಂಟಿಯಂ 4, ಪ್ರೆಸ್ಕಾಟ್ ಎಂಬ ಹೆಸರಿನದು, 115 ವ್ಯಾಟ್ ಮುಟ್ಟಿತು. ಅದೇ ವರ್ಷ ಇಂಟೆಲ್ ಅದರ ಮುಂದಿನ ಟೆಜಾಸ್ ಎಂಬ ಚಿಪ್ಪನ್ನು ಕೈಬಿಟ್ಟು, ಲೆಕ್ಕ ಮಾಡುವ ಘಟಕವಾದ ಒಂದೇ ಕೋರನ್ನು ಓಡಿಸಿ ಸುಸ್ತು ಮಾಡುವ ಬದಲು ಎರಡು ಕೋರಿನ ದಾರಿ ಹಿಡಿಯಿತು.

ಇನ್ನು ಶಾಖ ಹೊರಗೆ ಹೋಗುವ ದಾರಿ. ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡೇ. ಆ ಏಪ್ರಿಲ್ ಫೋನಾದ ಮೇಲೆ ಬಂದ ದಸರಾ ರಜೆಯಲ್ಲಿ ಡಬ್ಬಿಯ ಕೂಲರ್ ತೆಗೆದು, ನಾಲ್ಕು ಹೀಟ್‌ಪೈಪ್ ಇರುವ ಟವರ್ ಕೂಲರ್ ಹಾಕಲು ಕೂತೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟು, ಹಳೆಯದು, ಅರ್ಧ ಒಣಗಿದ ಗಂಧದ ಹಾಗೆ ಅಂಟಿಕೊಂಡಿತ್ತು. ಹಳೇ ಬನಿಯನ್ ತುಂಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. ಲೋಹದ ಮುಚ್ಚಳ ಹೊಳೆಯತೊಡಗಿತು. ಮಧ್ಯದಲ್ಲಿ ಕಡಲೆಕಾಳಿನಷ್ಟು ಹೊಸ ಪೇಸ್ಟ್. ಮೇಲೆ ಕೂಲರ್ ಇಟ್ಟು, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದೆ. ಎಲ್ಲ ಶಾಸ್ತ್ರೋಕ್ತ. ಆನ್ ಮಾಡಿ ಪರೀಕ್ಷೆ ಹಚ್ಚಿದರೆ 93! ಡಬ್ಬಿಯ ಕೂಲರೇ ವಾಸಿಯಿತ್ತು.

ಬಿಚ್ಚಿ ನೋಡಿದರೆ ಕೂಲರಿನ ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಗೇ ಇದೆ. ಅದರ ಮೇಲೆ ಕೆಂಪಕ್ಷರದಲ್ಲಿ "ಹಾಕುವ ಮೊದಲು ತೆಗೆಯಿರಿ" ಅಂತಲೂ ಇದೆ. ಯಾರನ್ನು ಬೈಯಲಿ?

ಕಾಗದದಷ್ಟು ತೆಳು ಪ್ಲಾಸ್ಟಿಕ್ ಇಷ್ಟು ಆಟ ಆಡಿಸುವುದು ಯಾಕೆ ಅಂದರೆ, ಶಾಖ ಸಾಗಿಸುವುದರಲ್ಲಿ ವಸ್ತುಗಳ ನಡುವೆ ಅಂತರ ಅಷ್ಟು ದೊಡ್ಡದು. ಉಷ್ಣ ವಾಹಕತೆ ಎಂಬ ಅಳತೆಯಲ್ಲಿ ತಾಮ್ರದ ಅಂಕಿ ಸುಮಾರು 400. ಅಲ್ಯೂಮಿನಿಯಂ 237. ಒಳ್ಳೆಯ ಪೇಸ್ಟು ಹತ್ತರ ಆಸುಪಾಸು. ಪ್ಲಾಸ್ಟಿಕ್ 0.2. ನಿಂತ ಗಾಳಿ 0.026. ಪೇಸ್ಟಿನ ಕೆಲಸ ಇದರಲ್ಲೇ ಗೊತ್ತಾಗುತ್ತದೆ. ಎರಡು ಲೋಹ ಎಷ್ಟೇ ನುಣುಪಾಗಿದ್ದರೂ ಕಣ್ಣಿಗೆ ಕಾಣದ ಏರುತಗ್ಗು ಇದ್ದೇ ಇರುತ್ತದೆ, ತಗ್ಗಿನಲ್ಲಿ ಗಾಳಿ. ಆ ಗಾಳಿಯನ್ನು ಓಡಿಸಿ ಕೂರುವುದಷ್ಟೇ ಪೇಸ್ಟು. ಜಾಸ್ತಿ ಮೆತ್ತಿದರೆ ಅದೇ ತಾಮ್ರಕ್ಕೆ ಅಡ್ಡ.

ಹಾಳೆ ಕಿತ್ತು ಮತ್ತೆ ಹಾಕಿದೆ. ಅವತ್ತು ರೂಮು 26, ಪ್ರೊಸೆಸರ್ 53. ಇಳಿಜಾರು 43ರಿಂದ 27ಕ್ಕೆ ಬಂತು.

ಈ ಸುಧಾರಣೆಯಲ್ಲಿ ದೊಡ್ಡ ಪಾತ್ರ ಹೀಟ್‌ಪೈಪಿನದು. ನೋಡಲು ಗಟ್ಟಿ ತಾಮ್ರದ ಸರಳು, ಒಳಗೆ ಪೊಳ್ಳು. ಗಾಳಿ ಹೀರಿ ತೆಗೆದು ಕೆಲವೇ ಹನಿ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೂರು ಡಿಗ್ರಿಗೆ ಕಾಯದೆ, ಸ್ವಲ್ಪ ಬಿಸಿಯಾದರೂ ನೀರು ಆವಿಯಾಗುತ್ತದೆ. ಆವಿ ತಣ್ಣಗಿನ ತುದಿಗೆ ಓಡಿ, ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿಗಟ್ಟುವ ಹಾಗೆ ಹನಿಯಾಗಿ, ಹೊತ್ತು ತಂದ ಶಾಖವನ್ನು ಅಲ್ಲಿ ಬಿಡುತ್ತದೆ. ಪೈಪಿನ ಒಳಗೋಡೆಗೆ ಬೇಯಿಸಿ ಅಂಟಿಸಿದ ತಾಮ್ರದ ಪುಡಿ ಆ ಹನಿಯನ್ನು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ವಾಪಸ್ ಎಳೆದು ತರುತ್ತದೆ. ಮೋಟರಿಲ್ಲ, ಪಂಪಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದಾಗ ಮನಸ್ಸಿನಲ್ಲಿದ್ದದ್ದು ಬಾಹ್ಯಾಕಾಶದ ಕೆಲಸ. ಈಗ ಸಾದಾ ಲ್ಯಾಪ್‌ಟಾಪಿನಲ್ಲೂ ಇದೆ.

ಇಷ್ಟೆಲ್ಲ ಕೇಳಿದ ತಮ್ಮ, "ನೀರಿನ ಕೂಲರ್ ಹಾಕಿದ್ರ ರೂಮಿಗಿಂತ ತಣ್ಣಗ ಆಗ್ತದೇನು?" ಅಂದ. ಆಗುವುದಿಲ್ಲ. ಮಣ್ಣಿನ ಮಡಕೆಯ ನೀರು ಹೊರಗಿನ ಬಿಸಿಲಿಗಿಂತ ತಣ್ಣಗಿರುತ್ತದಲ್ಲ ಅನ್ನಬಹುದು. ಮಡಕೆಯಿಂದ ನೀರು ಆವಿಯಾಗಿ ಹೊರಗೆ ಹೋಗಿಬಿಡುತ್ತದೆ, ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಪಿಸಿಯ ನೀರಿನ ಕೂಲರಿನಲ್ಲಿ ನೀರು ಮುಚ್ಚಿದ ಕೊಳವೆಯೊಳಗೇ ಸುತ್ತುತ್ತದೆ. ಅದು ಶಾಖವನ್ನು ಚಿಪ್ಪಿನಿಂದ ರೇಡಿಯೇಟರ್‌ಗೆ ಸಾಗಿಸುವ ಲಾರಿ ಮಾತ್ರ. ಕೊನೆಗೆ ಇಳಿಸುವುದು ರೂಮಿನ ಗಾಳಿಗೇ. ಹೆಚ್ಚು ವ್ಯಾಟಿನ ಚಿಪ್ಪಿಗೆ ದೊಡ್ಡ ರೇಡಿಯೇಟರ್ ಖಂಡಿತ ಉಪಯೋಗ, 65 ವ್ಯಾಟ್‌ಗೆ ಅದು ದಂಡ ಖರ್ಚು ಅನ್ನುವುದು ನನ್ನ ಅಭಿಪ್ರಾಯ. ಹೋಲಿಸುವಾಗ ಇನ್ನೊಂದು ಎಚ್ಚರ: ನೀರು ಬಿಸಿಯಾಗಲು ಹೊತ್ತು ತೆಗೆದುಕೊಳ್ಳುತ್ತದೆ. ಮೊದಲ ಐದು ನಿಮಿಷದ ಅಂಕಿ ನೋಡಿ ಬೀಗಬಾರದು, ಅರ್ಧ ಗಂಟೆ ಓಡಿಸಿ ನೋಡಬೇಕು.

ಇನ್ನು ತಲೆ ಕೆಡಿಸುವ ವಿಷಯ ಇಂಟೆಲ್ಲಿನ ಪ್ರತಿಸ್ಪರ್ಧಿ ಕಂಪನಿ ಎಎಂಡಿಯದು. 2022ರಲ್ಲಿ ಬಂದ ರೈಜನ್ 7000 ಸಾಲಿನ ದೊಡ್ಡ ಚಿಪ್ಪುಗಳು ಪೂರ್ತಿ ಕೆಲಸ ಕೊಟ್ಟರೆ 95 ಡಿಗ್ರಿಗೆ ಹೋಗಿ ನಿಲ್ಲುತ್ತವೆ. ಕೆಟ್ಟು ಅಲ್ಲ, ಹಾಗೇ ಮಾಡಿರುವುದು. 95 ಬರುವ ತನಕ ವೇಗ ಏರಿಸು ಅನ್ನುವುದೇ ಅವುಗಳ ಲೆಕ್ಕ. ದುಬಾರಿ ಕೂಲರ್ ಹಾಕಿದರೂ ಅಂಕಿ ಅದೇ 95 ಇರಬಹುದು, ಕೆಲಸ ಮಾತ್ರ ಸ್ವಲ್ಪ ಬೇಗ ಮುಗಿಯುತ್ತದೆ. ಅಲ್ಲಿ ಡಿಗ್ರಿ ಹೋಲಿಸಿ ಪ್ರಯೋಜನವಿಲ್ಲ, ವೇಗ ಹೇಳುವ ಮೆಗಾಹರ್ಟ್ಜ್ ಹೋಲಿಸಬೇಕು. ಇದಕ್ಕಿಂತ ತಮಾಷೆ 2017ರದ್ದು. ರೈಜನ್ 1700ಎಕ್ಸ್ ಮತ್ತು 1800ಎಕ್ಸ್ ನಿಜವಾದ ತಾಪಮಾನಕ್ಕೆ 20 ಡಿಗ್ರಿ ಸೇರಿಸಿ ತೋರಿಸುತ್ತಿದ್ದವು. ಆ ಸಾಲಿನ ಎಲ್ಲ ಚಿಪ್ಪುಗಳಿಗೂ ಫ್ಯಾನ್ ಒಂದೇ ನಿಯಮದಲ್ಲಿ ಓಡಲಿ ಅಂತ ಕಂಪನಿಯೇ ಬೇಕಂತ ಮಾಡಿದ್ದು. ಅದು ಗೊತ್ತಿಲ್ಲದವರು ಸುಮ್ನೆ ಗಾಬರಿಯಾಗಿದ್ದರು.

ಬಿಸಿ ಇಳಿಸಲು ದುಡ್ಡಿಲ್ಲದ ದಾರಿಯೂ ಒಂದಿದೆ. ಸೋರಿಕೆ ಬಿಟ್ಟರೆ ಚಿಪ್ಪಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೋಲ್ಟೇಜನ್ನು ಹತ್ತಕ್ಕೆ ಒಂದು ಪಾಲು ಇಳಿಸಿದರೆ ಶಾಖ ನೂರಕ್ಕೆ ಸುಮಾರು 19 ಪಾಲು ಕಡಿಮೆ, ಯಾಕೆಂದರೆ 0.9 ಇಂಟು 0.9 ಅಂದರೆ 0.81. ಆದರೆ ಎಲ್ಲ ಬೋರ್ಡೂ ಇದಕ್ಕೆ ಬಿಡುವುದಿಲ್ಲ, ಅತಿಯಾಗಿ ಇಳಿಸಿದರೆ ಪಿಸಿ ನಡುವೆಯೇ ನಿಂತುಬಿಡುತ್ತದೆ.

ತಮ್ಮನ ಚಿಪ್ಪಿಗೆ ಇಂಟೆಲ್ ಇಟ್ಟಿರುವ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. 82ಕ್ಕೆ ಏನೂ ಆಗುವುದಿಲ್ಲ ಅಂತ ಎಷ್ಟು ಹೇಳಿದರೂ ಅವನಿಗೆ ಸಮಾಧಾನವಿಲ್ಲ. ಮೇ ತಿಂಗಳಲ್ಲಿ ಮತ್ತೆ ಫೋನು. "ಅಣ್ಣಾ, 75ಕ್ಕ ಬಂತು!" ಹೊಸ ಕೂಲರ್ ಹಾಕಿದೆಯಾ ಅಂತ ಕೇಳಿದೆ. ಹಾಕಿದ್ದು ಹೌದು, ಪಿಸಿಗಲ್ಲ. ಸೆಕೆ ತಡೆಯಲಾರದೆ ಚಿಕ್ಕಮ್ಮ ಕಿಟಕಿಗೆ ಏರ್ ಕೂಲರ್ ಹಾಕಿಸಿದ್ದರು, ಒದ್ದೆ ಹುಲ್ಲಿನ ಪರದೆಯ ಮೂಲಕ ಗಾಳಿ ಎಳೆಯುವಂಥದ್ದು. ರೂಮು 31ಕ್ಕೆ ಇಳಿದಿತ್ತು.